ಕುರ್ಚಿ ಖಾಲಿ ಬಿಡುವ ಆದೇಶಕ್ಕೆ ಸಹಿ ಹಾಕುವ ಮುನ್ನ: ವಾಯು ಸಂಚಾರ ಸೇವೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಾಯು ಸಂಚಾರ ನಿಯಂತ್ರಣ ಕೊಠಡಿಯಲ್ಲಿ ಇವತ್ತು ರಾತ್ರಿ ಎಷ್ಟು ಜನ ಕೂರಬೇಕು, ಎಷ್ಟು ಹೊತ್ತು ಕೂರಬೇಕು, ಎಷ್ಟು ಸೆಕ್ಟರ್‌ಗಳನ್ನು, ಅಂದರೆ ಆಕಾಶದ ಪಾಲುಗಳನ್ನು, ಸೇರಿಸಿ ಒಬ್ಬರ ಕೈಗೆ ಕೊಡಬೇಕು ಎಂದು ತೀರ್ಮಾನಿಸುವವರು ನೀವು. ನೀವು ಯಾವ ದೇಶದಲ್ಲೇ ಇರಿ, ಈ ಪತ್ರ ನಿಮಗೆ. ಆ ಕುರ್ಚಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೂತು, ಕೊನೆಯ ವರ್ಷಗಳಲ್ಲಿ ಹೊಸಬರಿಗೆ ಕೆಲಸ ಕಲಿಸಿ ನಿವೃತ್ತನಾದ ಕಂಟ್ರೋಲರ್ ನಾನು. ಕೆಲಸದಲ್ಲಿರುವವರು ಈಗಲೂ ನನಗೆ ಫೋನ್ ಮಾಡುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಇಂಥ ಪತ್ರವನ್ನು ಅವರು ಬರೆಯುವ ಹಾಗಿಲ್ಲ. ನಾನು ಬರೆಯಬಹುದು.

ಹೇಳಬೇಕಾದ ಮಾತು ಒಂದೇ. ನೀವು ಸಿಬ್ಬಂದಿಯನ್ನು ವಿಮಾನಗಳ ಸರಾಸರಿ ನೋಡಿ ಲೆಕ್ಕ ಹಾಕುತ್ತೀರಿ. ಕಂಟ್ರೋಲರ್ ಎದುರಿನ ಪರದೆಯ ಮೇಲೆ ಸರಾಸರಿ ಯಾವತ್ತೂ ಕಾಣಿಸಿಕೊಳ್ಳುವುದಿಲ್ಲ. ಅಲ್ಲಿ ಇರುವುದು ಬೆಳಗಿನ ನೂಕುನುಗ್ಗಲು, ಇಲ್ಲವೇ ನಡುರಾತ್ರಿಯ ನಿಶ್ಶಬ್ದ. ನಮ್ಮನ್ನು ದಣಿಸುವುದೂ ತಪ್ಪು ಮಾಡಿಸುವುದೂ ಇವೆರಡರ ನಡುವಿನ ಏರಿಳಿತವೇ.

ಮೊದಲು ಕೆಲಸದ ಹೊರೆಯ ಮಾತು. ಗಂಟೆಗೆ ಇಷ್ಟು ವಿಮಾನ ಮಾತ್ರ ಒಂದು ಸೆಕ್ಟರ್‌ ಒಳಗೆ ಬರಬಹುದು ಎಂಬ ಮಿತಿ ಇದೆ. ಅದು ಬೇಕು. ಆದರೆ ಹೊರೆ ಎಂದರೆ ಆ ಸಂಖ್ಯೆಯೊಂದೇ ಅಲ್ಲ. ಒಂದೇ ದಾರಿಯಲ್ಲಿ, ತಮ್ಮ ತಮ್ಮ ಎತ್ತರದಲ್ಲಿ, ಒಂದರ ಹಿಂದೊಂದು ನೇರ ಸಾಗುವ ಹದಿನೈದು ವಿಮಾನಗಳು ಅನುಭವಿ ಕಂಟ್ರೋಲರ್‌ಗೆ ಭಾರವಲ್ಲ. ಅದೇ ಸೆಕ್ಟರ್‌ನಲ್ಲಿ ಎಂಟೇ ವಿಮಾನ ಇವೆ ಎಂದಿಟ್ಟುಕೊಳ್ಳಿ. ಮೂರು ಏರುತ್ತಿವೆ, ಮೂರು ಇಳಿಯುತ್ತಿವೆ, ಎರಡು ಅಡ್ಡ ಹಾಯುತ್ತಿವೆ. ನಡುವೆ ಗುಡುಗು ಮೋಡ ಎದ್ದಿದೆ. ಒಬ್ಬ ಪೈಲಟ್‌ಗೆ ಎಡಕ್ಕೆ ಹತ್ತು ಡಿಗ್ರಿ ಬೇಕು, ಇನ್ನೊಬ್ಬರಿಗೆ ಬಲಕ್ಕೆ ಇಪ್ಪತ್ತು. ಮೂರನೆಯವರು ಕುಲುಕಾಟ ತಾಳಲಾರದೆ ಬೇರೆ ಎತ್ತರ ಕೇಳುತ್ತಿದ್ದಾರೆ. ಪಕ್ಕದ ಸೆಕ್ಟರ್‌ನಿಂದ ಫೋನ್ ಬಡಿದುಕೊಳ್ಳುತ್ತಿದೆ. ಆ ಇಪ್ಪತ್ತು ನಿಮಿಷ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಕಡತದಲ್ಲಿ ಅದು ‘ಎಂಟು ವಿಮಾನ, ಮಿತಿಯೊಳಗೆ’ ಎಂದು ದಾಖಲಾಗುತ್ತದೆ.

29,000 ಅಡಿಯಿಂದ ಮೇಲೆ ಎರಡು ವಿಮಾನಗಳ ನಡುವೆ ಎತ್ತರದಲ್ಲಿ 2,000 ಅಡಿ ಅಂತರ ಇಡುತ್ತಿದ್ದ ಕಾಲದಲ್ಲೂ ನಾನು ಕೆಲಸ ಮಾಡಿದ್ದೇನೆ. ಎತ್ತರ ಅಳೆಯುವ ಉಪಕರಣಗಳು ನಿಖರವಾದ ಮೇಲೆ 41,000 ಅಡಿಯವರೆಗೆ ಅದನ್ನು 1,000 ಅಡಿಗೆ ಇಳಿಸಿದರು. ಉತ್ತರ ಅಟ್ಲಾಂಟಿಕ್‌ನಲ್ಲಿ 1997ರಲ್ಲಿ, ಯುರೋಪಿನಲ್ಲಿ 2002ರ ಜನವರಿಯಲ್ಲಿ, ಅಮೆರಿಕದಲ್ಲಿ 2005ರ ಜನವರಿಯಲ್ಲಿ ಇದು ಜಾರಿಗೆ ಬಂತು. ಒಳ್ಳೆಯ ಬದಲಾವಣೆಯೇ. ಇಂಧನ ಉಳಿಯಿತು, ಅಷ್ಟೇ ಆಕಾಶದಲ್ಲಿ ಹೆಚ್ಚು ವಿಮಾನಗಳಿಗೆ ಜಾಗವಾಯಿತು. ಆದರೆ ಅಷ್ಟನ್ನೂ ನೆನಪಿನಲ್ಲಿ ಹಿಡಿದುಕೊಳ್ಳಬೇಕಾದ ತಲೆ ಮಾತ್ರ ಮೊದಲು ಇದ್ದಷ್ಟೇ ಇದೆ.

ಒತ್ತಡ ಹೆಚ್ಚಿದಾಗ ಆ ತಲೆಯೊಳಗೆ ಏನಾಗುತ್ತದೆ ಎಂಬುದನ್ನು ಫ್ರಾನ್ಸಿನ ಮನೋವಿಜ್ಞಾನಿ ಸ್ಪೆರಾಂಡಿಯೊ 1971ರಲ್ಲೇ ಬರೆದಿದ್ದರು. ವಿಮಾನಗಳು ಹೆಚ್ಚಿದಂತೆ ಕಂಟ್ರೋಲರ್ ಬರೀ ಬೇಗ ಬೇಗ ಕೆಲಸ ಮಾಡುತ್ತಾನೆ ಎಂದಲ್ಲ, ಕೆಲಸದ ರೀತಿಯನ್ನೇ ಬದಲಿಸಿಕೊಳ್ಳುತ್ತಾನೆ. ಪುರುಸೊತ್ತಿದ್ದಾಗ ಒಂದು ವಿಮಾನದ ವೇಗ, ಮಾದರಿ, ದಾರಿ, ಮುಂದೆ ಅದಕ್ಕೆ ಬೇಕಾದ್ದು ಎಲ್ಲವನ್ನೂ ತೂಗಿ ನೋಡುವವನು, ಹೊರೆ ಏರಿದಾಗ ಅತ್ಯಗತ್ಯವಾದ ಒಂದೆರಡನ್ನೇ ನೋಡಿ ಎಲ್ಲರಿಗೂ ಒಂದೇ ಬಗೆಯ ಸೂಚನೆ ಕೊಡತೊಡಗುತ್ತಾನೆ. ಇದನ್ನು ಓದುವ ಎಷ್ಟೋ ವರ್ಷ ಮೊದಲೇ ನಾನು ಇದನ್ನು ಮಾಡುತ್ತಿದ್ದೆ. ನನ್ನ ಶಿಷ್ಯರೂ ಮಾಡುತ್ತಾರೆ. ಹೊರಗಿನಿಂದ ನೋಡುವವರಿಗೆ ಎಲ್ಲ ಸುಸೂತ್ರವಾಗಿಯೇ ಕಾಣುತ್ತದೆ, ದನಿಯೂ ಬದಲಾಗುವುದಿಲ್ಲ. ಒಳಗೆ ಮಾತ್ರ ಒಂದೊಂದಾಗಿ ಗಮನ ಉದುರುತ್ತಿರುತ್ತದೆ. ‘ನಿನ್ನೆ ಇಷ್ಟು ವಿಮಾನ ನಿಭಾಯಿಸಿದರಲ್ಲ, ಇವತ್ತೂ ಆಗುತ್ತದೆ’ ಎನ್ನುವ ಮೇಲಧಿಕಾರಿಗೆ ಅದು ತಿಳಿಯುವ ದಾರಿಯೇ ಇಲ್ಲ. ಕಂಟ್ರೋಲರ್ ತಾನೇ ಬಾಯಿಬಿಟ್ಟು ‘ಇನ್ನು ಆಗದು, ಸೆಕ್ಟರ್ ಒಡೆಯಿರಿ’ ಎನ್ನಬೇಕು. ಹಾಗೆ ಹೇಳಿದವರನ್ನು ದುರ್ಬಲರು ಎಂದು ನೋಡುವ ಕೊಠಡಿಯಲ್ಲಿ ಯಾರು ಬಾಯಿಬಿಡುತ್ತಾರೆ?

ನನ್ನ ಬದುಕಿನ ಒಂದು ದಿನದ ವಿಷಯ ಹೇಳುತ್ತೇನೆ. ಸಂಜೆಯ ದಟ್ಟಣೆ ಮುಗಿದಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಬಾಯಿಗೆ ಬಿಡುವಿರಲಿಲ್ಲ. ಆಮೇಲೆ ಒಮ್ಮೆಲೇ ಪರದೆ ತಿಳಿಯಾಯಿತು, ಆರು ವಿಮಾನ ಉಳಿದವು. ಕುರ್ಚಿಗೆ ಬೆನ್ನು ಕೊಟ್ಟು ಉಸಿರು ಬಿಟ್ಟೆ. ಎರಡು ವಿಮಾನಗಳ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಅವನ್ನು ಕರೆಯುವ ಹೆಸರು, ಹತ್ತಿರ ಹತ್ತಿರ ಇದ್ದವು. ಒಂದು ಐದು-ಏಳು-ಎರಡು, ಇನ್ನೊಂದು ಏಳು-ಐದು-ಎರಡು. ಮೊದಲನೆಯದಕ್ಕೆ ಇಳಿಯಲು ಹೇಳಿದೆ. ಉತ್ತರ ಎರಡನೆಯದರಿಂದ ಬಂತು. ಅವರು ನನ್ನ ಸೂಚನೆಯನ್ನು ಪೂರ್ತಿ ಮರಳಿ ಓದಿ, ತಮ್ಮ ಕಾಲ್‌ಸೈನ್ ಸ್ಪಷ್ಟವಾಗಿಯೇ ಹೇಳಿದರು. ನನ್ನ ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಂಡಿತು. ಪಕ್ಕದ ಕುರ್ಚಿಯಲ್ಲಿದ್ದ ಪ್ಲಾನರ್, ಅಂದರೆ ಸಂಚಾರದ ಯೋಜನೆ ನೋಡಿಕೊಳ್ಳುವ ಜೊತೆಗಾರರು, ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ, ‘ಏಳು-ಐದು-ಎರಡು ಓದಿದ್ದು’ ಎಂದರು. ಎದೆ ಧಸಕ್ಕೆಂದಿತು. ತಕ್ಷಣ ಸರಿಪಡಿಸಿದೆ. ವಿಮಾನ ಇಳಿಯಲು ಆಗ ತಾನೇ ಮೂತಿ ಬಗ್ಗಿಸಿತ್ತು, ಅಂತರ ಕೆಡಲಿಲ್ಲ. ಆ ರಾತ್ರಿ ಮನೆಗೆ ಹೋಗಿ ಮಲಗಿದರೂ ಬೆರಳು ಕುಟ್ಟಿದ ಆ ಸದ್ದು ಕಿವಿಯಲ್ಲೇ ಇತ್ತು.

ಆ ಹೊತ್ತಿನಲ್ಲಿ ಇದ್ದದ್ದು ಆರೇ ವಿಮಾನ. ನಮ್ಮ ಕಸುಬಿನಲ್ಲಿರುವ ಎಲ್ಲರಿಗೂ ಇದು ಗೊತ್ತು. ತಪ್ಪುಗಳು ಬರೀ ದಟ್ಟಣೆಯ ತುದಿಯಲ್ಲಿ ಆಗುವುದಿಲ್ಲ. ದಟ್ಟಣೆ ಇಳಿದು ಮನಸ್ಸು ಸಡಿಲವಾದಾಗ ಆಗುತ್ತವೆ. ಹೊಸದಾಗಿ ಕುರ್ಚಿಗೆ ಬಂದವರ ತಲೆಯಲ್ಲಿ ಇಡೀ ಚಿತ್ರ ಇನ್ನೂ ಮೂಡಿರದ ಮೊದಲ ನಿಮಿಷಗಳಲ್ಲಿ ಆಗುತ್ತವೆ. ಈಗ ನಿಮ್ಮ ಪಾಳಿ ಪಟ್ಟಿ ನೋಡಿ. ದಟ್ಟಣೆ ಇಳಿಯಿತು ಎಂದ ಕೂಡಲೇ ಮೊದಲು ಎಬ್ಬಿಸಿ ಕಳಿಸುವುದು ಯಾರನ್ನು? ಪಕ್ಕದ ಕುರ್ಚಿಯವರನ್ನೇ. ಆ ಸಂಜೆ ಮೇಜು ಕುಟ್ಟಿದವರನ್ನೇ.

1991ರ ಫೆಬ್ರವರಿ 1ರ ಸಂಜೆ ಲಾಸ್ ಏಂಜಲಿಸ್‌ನಲ್ಲಿ ಕಂಟ್ರೋಲರ್ ಒಬ್ಬರು ಸಣ್ಣ ವಿಮಾನವೊಂದನ್ನು ರನ್‌ವೇ ಮೇಲೆ ನಿಲ್ಲಿಸಿ ಕಾಯಲು ಹೇಳಿದರು. ಅಷ್ಟರಲ್ಲಿ ಮತ್ತೊಂದು ವಿಮಾನದ ಸ್ಟ್ರಿಪ್, ಅಂದರೆ ಅದರ ವಿವರ ಬರೆದ ಕಾಗದದ ಪಟ್ಟಿ, ಇರಬೇಕಾದ ಜಾಗದಲ್ಲಿ ಇರಲಿಲ್ಲ. ಗಮನ ಅತ್ತ ಹೋಯಿತು. ರನ್‌ವೇ ಮೇಲೆ ಕಾಯುತ್ತಿದ್ದ ವಿಮಾನ ಮರೆತುಹೋಗಿ, ಅದೇ ರನ್‌ವೇಗೆ ಬೋಯಿಂಗ್ ಇಳಿಯಲು ಅನುಮತಿ ಹೋಯಿತು. 35 ಜನ ಸತ್ತರು. ತನಿಖೆ ಮಾಡಿದವರು ‘ಕಂಟ್ರೋಲರ್ ಮರೆತರು’ ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ. ಒಬ್ಬರ ಮರೆವನ್ನು ಇನ್ನೊಬ್ಬರು ಹಿಡಿಯುವಂಥ ವ್ಯವಸ್ಥೆಯನ್ನು ಅಲ್ಲಿನ ಆಡಳಿತ ಜಾರಿಗೊಳಿಸಿರಲಿಲ್ಲ ಎಂಬುದನ್ನು ಸಂಭವನೀಯ ಕಾರಣಗಳ ಸಾಲಿನಲ್ಲೇ ಬರೆದರು.

ಇನ್ನೂ ಹಿಂದಕ್ಕೆ ಹೋಗೋಣ. 1976ರ ಸೆಪ್ಟೆಂಬರ್ 10, ಆಗಿನ ಯುಗೋಸ್ಲಾವಿಯದ ಜಾಗ್ರೆಬ್. ಯುರೋಪಿನ ಅತಿ ದಟ್ಟ ಆಕಾಶಗಳಲ್ಲಿ ಒಂದು, ಸಿಬ್ಬಂದಿ ಮಾತ್ರ ಸಾಲದು. ಮೇಲಿನ ಸೆಕ್ಟರ್‌ನಲ್ಲಿ ಜೊತೆಗಾರ ಎದ್ದುಹೋಗಿದ್ದ ಕೆಲವು ನಿಮಿಷ ಒಬ್ಬ ಯುವ ಕಂಟ್ರೋಲರ್ ಇಬ್ಬರ ಕೆಲಸ ಮಾಡುತ್ತಿದ್ದ. ಬ್ರಿಟನ್ನಿನ ಟ್ರೈಡೆಂಟ್, ಯುಗೋಸ್ಲಾವಿಯದ ಡಿಸಿ-9 ಡಿಕ್ಕಿಯಾದವು. 176 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣೆ ಎದುರಿಸಿದ ಎಂಟು ಜನರಲ್ಲಿ ಶಿಕ್ಷೆಯಾದದ್ದು ಆ ಒಬ್ಬನಿಗೆ, ಏಳು ವರ್ಷ ಜೈಲು. ಸಹೋದ್ಯೋಗಿಗಳು ಹೋರಾಡಿದ ಮೇಲೆ 1978ರಲ್ಲಿ ಅವನ ಬಿಡುಗಡೆಯಾಯಿತು.

ಜಾಗ್ರೆಬ್‌ನ ಡಿಕ್ಕಿಯಾಗಿ ಇಪ್ಪತ್ತಾರು ವರ್ಷ. 2002ರ ಜುಲೈ 1ರ ರಾತ್ರಿ ಹನ್ನೊಂದೂವರೆ. ದಕ್ಷಿಣ ಜರ್ಮನಿಯ ಯೂಬರ್ಲಿಂಗನ್ ಮೇಲಿನ ಆಕಾಶವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಿಂದ ನಿಯಂತ್ರಿಸಲಾಗುತ್ತಿತ್ತು. ಪಾಳಿಯಲ್ಲಿ ಇಬ್ಬರಿದ್ದರು, ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ರಾತ್ರಿ ದಟ್ಟಣೆ ಕಡಿಮೆ ಎಂದು ವರ್ಷಗಳಿಂದ ನಡೆದು ಬಂದಿದ್ದ, ಆಡಳಿತಕ್ಕೆ ಗೊತ್ತಿದ್ದೂ ಸುಮ್ಮನಿದ್ದ ಅಭ್ಯಾಸವದು. ಉಳಿದವರ ಕೈಯಲ್ಲಿ ಎರಡು ಮೇಜು. ರೇಡಾರ್ ವ್ಯವಸ್ಥೆಯಲ್ಲಿ ದುರಸ್ತಿ ಕೆಲಸ ನಡೆಯುತ್ತಿದ್ದರಿಂದ ಡಿಕ್ಕಿಯ ಮುನ್ಸೂಚನೆ ಪರದೆಯ ಮೇಲೆ ಬರುತ್ತಿರಲಿಲ್ಲ. ಮುಖ್ಯ ಫೋನ್ ಸಂಪರ್ಕ ನಿಲ್ಲಿಸಲಾಗಿತ್ತು, ಬದಲಿ ಲೈನ್ ಕೆಟ್ಟಿತ್ತು. ತಡವಾಗಿ ಬಂದ ವಿಮಾನವೊಂದನ್ನು ಫ್ರೀಡ್ರಿಷ್‌ಹಾಫೆನ್‌ಗೆ ಒಪ್ಪಿಸಲು ಅವರು ಮತ್ತೆ ಮತ್ತೆ ಫೋನ್ ತಿರುಗಿಸುತ್ತಿದ್ದಾಗ, ಇನ್ನೊಂದು ಪರದೆಯ ಮೇಲೆ 36,000 ಅಡಿಯಲ್ಲಿ ಎರಡು ವಿಮಾನಗಳು ಒಂದನ್ನೊಂದು ಸಮೀಪಿಸುತ್ತಿದ್ದವು. ಜರ್ಮನಿಯ ಕಾರ್ಲ್ಸ್‌ರುಹೆಯ ಕಂಟ್ರೋಲರ್‌ಗಳು ಅದನ್ನು ಕಂಡು ಎಚ್ಚರಿಸಲು ನೋಡಿದರು, ಫೋನ್ ಸಿಗಲಿಲ್ಲ. ಜ್ಯೂರಿಕ್‌ನವರು ಕಂಡಾಗ ಒಂದು ನಿಮಿಷವೂ ಉಳಿದಿರಲಿಲ್ಲ. ಅವರು ಕೊಟ್ಟ ಸೂಚನೆಯೂ ವಿಮಾನದೊಳಗಿನ ಎಚ್ಚರಿಕೆ ಯಂತ್ರದ ಸೂಚನೆಯೂ ಒಂದಕ್ಕೊಂದು ಎದುರಾದವು. ವಿಮಾನಗಳು ಡಿಕ್ಕಿಯಾಗಿ 71 ಜನ ಹೋದರು, ಹೆಚ್ಚಿನವರು ಮಕ್ಕಳು. ಎರಡು ವರ್ಷ ತುಂಬುವ ಮೊದಲೇ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ ಆ ಕಂಟ್ರೋಲರ್‌ನನ್ನು ಅವರ ಮನೆಯ ಬಾಗಿಲಲ್ಲೇ ಇರಿದು ಕೊಂದ.

2007ರಲ್ಲಿ ಸ್ವಿಟ್ಜರ್ಲೆಂಡಿನ ನ್ಯಾಯಾಲಯ ಈ ಡಿಕ್ಕಿಯ ತೀರ್ಪು ಕೊಟ್ಟಾಗ ತಪ್ಪಿತಸ್ಥರಾದ ನಾಲ್ವರೂ ಜ್ಯೂರಿಕ್‌ನಿಂದ ನಿಯಂತ್ರಣ ನಡೆಸುತ್ತಿದ್ದ ಸೇವಾ ಸಂಸ್ಥೆಯ ಉದ್ಯೋಗಿಗಳು, ಮೂವರು ವ್ಯವಸ್ಥಾಪಕರ ಸ್ಥಾನದಲ್ಲಿದ್ದವರು. ಜಾಗ್ರೆಬ್‌ನಲ್ಲಿ ಕುರ್ಚಿಯಲ್ಲಿದ್ದವನನ್ನು ಜೈಲಿಗೆ ಕಳಿಸಿದ ಜಗತ್ತು ಮೂವತ್ತು ವರ್ಷದಲ್ಲಿ ಅಲ್ಲಿಗೆ ಬಂದು ಮುಟ್ಟಿತು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ‘ರಾತ್ರಿಗೆ ಒಬ್ಬರು ಸಾಕು’ ಎಂಬ ಸಾಲು ಯಾರ ಕೈಯಿಂದ ಹೊರಡುತ್ತದೆಯೋ ಅವರೂ ಆ ರಾತ್ರಿ ಕೊಠಡಿಯಲ್ಲಿ ಇದ್ದಂತೆಯೇ ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ಇನ್ನು ವರ್ಷಗಳ ಏರಿಳಿತ. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೋದ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ ವಿಮಾನ ಪ್ರಯಾಣಿಕರು ಸುಮಾರು 450 ಕೋಟಿ. ಕೋವಿಡ್ ಬಂದ 2020ರಲ್ಲಿ ಸುಮಾರು 180 ಕೋಟಿ. ಆ ದಿನಗಳ ಪರದೆ ಕಂಡವರು ಮರೆಯಲಾರರು. ಮಧ್ಯಾಹ್ನ ಹನ್ನೆರಡಕ್ಕೆ ರಾತ್ರಿ ಮೂರರಂತೆ ಇತ್ತು. ಆಗ ನೇಮಕಾತಿ ನಿಂತಿತು, ತರಬೇತಿ ನಿಂತಿತು. ಅಮೆರಿಕದಲ್ಲಿ ಕಂಟ್ರೋಲರ್‌ಗಳಿಗೆ ತರಬೇತಿ ಕೊಡುವ ಒಕ್ಲಹೋಮಾ ಸಿಟಿಯ ಅಕಾಡೆಮಿಯೂ ತಿಂಗಳುಗಟ್ಟಲೆ ಮುಚ್ಚಿತ್ತು. ಸೋಂಕಿನ ಭಯದಲ್ಲಿ ಅದು ಅನಿವಾರ್ಯವೂ ಆಗಿತ್ತು. ಪಕ್ಕದಲ್ಲಿ ಅಂಟಿ ಕೂತು ಕಲಿಸಬೇಕಾದ ವಿದ್ಯೆ ಇದು. ಆದರೆ ಪ್ರಯಾಣಿಕರು ಮರಳಿ ಬರತೊಡಗಿದ ಮೇಲೂ ಎಷ್ಟೋ ಕಡೆ ‘ನೋಡೋಣ, ದಟ್ಟಣೆ ಗಟ್ಟಿಯಾಗಲಿ’ ಎಂದು ಕೂತರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ವಿಮಾನವನ್ನು ನಿಲುಗಡೆಯಿಂದ ತೆಗೆದು ವಾರಗಳಲ್ಲಿ ಹಾರಿಸಬಹುದು. ಕಂಟ್ರೋಲರ್ ಒಬ್ಬರನ್ನು ಆಯ್ಕೆ ಮಾಡಿ, ತರಗತಿ ಮುಗಿಸಿ, ಸಿಮ್ಯುಲೇಟರ್ ದಾಟಿಸಿ, ನಿಜವಾದ ಸೆಕ್ಟರ್‌ನಲ್ಲಿ ಒಬ್ಬಂಟಿಯಾಗಿ ಕೂರಿಸಲು ಎರಡು ಮೂರು ವರ್ಷ ಬೇಕು. ನಡುವೆ ಕೈಬಿಟ್ಟು ಹೋಗುವವರೂ ಇದ್ದಾರೆ. ಹಾಗೆ ತಯಾರಾದವರೂ ಇನ್ನೊಂದು ಸೆಕ್ಟರ್‌ಗೆ ಹೋದರೆ ಅದನ್ನು ಹೊಸದಾಗಿ ಕಲಿಯಬೇಕು.

ಇಲ್ಲಿ ಒಮ್ಮೆ ಬಿದ್ದ ಗುಂಡಿ ಒಂದು ತಲೆಮಾರು ಮುಚ್ಚುವುದಿಲ್ಲ. 1981ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ಕಂಟ್ರೋಲರ್‌ಗಳನ್ನು ಅಧ್ಯಕ್ಷ ರೇಗನ್ ಒಟ್ಟಿಗೆ ವಜಾ ಮಾಡಿದರು. ಅವರ ಜಾಗಕ್ಕೆ ಮುಂದಿನ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನವರ ದಂಡು ಬಂತು. ಅಲ್ಲಿ 56ಕ್ಕೆ ಕಡ್ಡಾಯ ನಿವೃತ್ತಿ. ಹೀಗಾಗಿ ಒಟ್ಟಿಗೆ ಬಂದವರು ಹೆಚ್ಚುಕಡಿಮೆ ಒಟ್ಟಿಗೇ ಎದ್ದುಹೋದರು. ಇವತ್ತು ಅಲ್ಲಿ ಎಷ್ಟೋ ಕೇಂದ್ರಗಳಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಹತ್ತು ಗಂಟೆ ಕಡ್ಡಾಯ ದುಡಿಮೆ ಮಾಮೂಲಾಗಿದೆ.

ದಟ್ಟಣೆ ಏರುವುದಿಳಿಯುವುದಷ್ಟೇ ಅಲ್ಲ, ಜಾಗವನ್ನೂ ಬದಲಿಸುತ್ತದೆ. 2022ರ ಫೆಬ್ರವರಿ 24ರಂದು ಉಕ್ರೇನಿನ ಆಕಾಶ ಮುಚ್ಚಿತು. ರಷ್ಯಾದ ಆಕಾಶವೂ ಹಲವು ದೇಶಗಳ ವಿಮಾನಗಳಿಗೆ ಮುಚ್ಚಿತು. ಆ ವಿಮಾನಗಳು ಹಾರುವುದನ್ನು ಬಿಡಲಿಲ್ಲ, ದಕ್ಷಿಣಕ್ಕೂ ಉತ್ತರ ಧ್ರುವದ ಕಡೆಗೂ ಸರಿದವು. ನಿನ್ನೆ ಮೊನ್ನೆಯವರೆಗೆ ಸಾಧಾರಣವಾಗಿದ್ದ ಸೆಕ್ಟರ್‌ಗಳಿಗೆ ಬೆಳಗಾಗುವುದರೊಳಗೆ ಖಂಡಾಂತರದ ದಟ್ಟಣೆ ಬಂದು ಬಿತ್ತು. ಸರಾಸರಿಯ ಮೇಲೆ ಕಟ್ಟಿದ ಪಾಳಿ ಪಟ್ಟಿಯಲ್ಲಿ ಇಂಥ ಬೆಳಗಿಗೆ ಜಾಗ ಎಲ್ಲಿದೆ? 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ ಕೆನಡಾದ ಗ್ಯಾಂಡರ್ ಎಂಬ ಪುಟ್ಟ ಊರಿನಲ್ಲಿ 38 ದೊಡ್ಡ ವಿಮಾನಗಳು ಇಳಿದವು. ಅದನ್ನು ಸಾಧ್ಯ ಮಾಡಿದವರು ಸಾಗರದ ಆ ಕಡೆ ಈ ಕಡೆ ಕೂತಿದ್ದ ಕಂಟ್ರೋಲರ್‌ಗಳು. ಆ ದಿನ ನೆನೆದಾಗಲೆಲ್ಲ ನನ್ನ ಕಸುಬಿನ ಬಗ್ಗೆ ಹೆಮ್ಮೆಯಾಗುತ್ತದೆ. ಅಂಥ ದಿನಕ್ಕೆ ಬೇಕಾದ ಕಸುವು ಮೊದಲೇ ಕೊಠಡಿಯಲ್ಲಿ ಇರಬೇಕು, ಆಮೇಲೆ ತರಿಸಲು ಬರುವುದಿಲ್ಲ.

ವಿಶ್ರಾಂತಿಯ ವಿಚಾರ ಬೇಗ ಮುಗಿಸುತ್ತೇನೆ, ನಿಯಮಗಳನ್ನು ನೀವು ಬಲ್ಲಿರಿ. ಸತತ ಎರಡು ಗಂಟೆ ಮೀರಿ ಕೂರಿಸಬಾರದು, ಆಮೇಲೆ ಅರ್ಧ ಗಂಟೆ ಬಿಡುವು, ಎರಡು ಪಾಳಿಗಳ ನಡುವೆ ಹನ್ನೆರಡು ಗಂಟೆ ಎಂದು ಬ್ರಿಟನ್ ಎಷ್ಟೋ ವರ್ಷಗಳ ಹಿಂದೆಯೇ ಬರೆದಿಟ್ಟಿತು. ಕಂಟ್ರೋಲರ್‌ಗಳ ದಣಿವನ್ನು ನಿಭಾಯಿಸುವ ನಿಯಮಗಳು ಐಕಾವೋ ಮಾನದಂಡಗಳಲ್ಲಿ 2020ರ ನವೆಂಬರ್‌ನಿಂದ ಜಾರಿಯಲ್ಲಿವೆ. ಅಮೆರಿಕ ಪಾಳಿಗಳ ನಡುವೆ ಹತ್ತು ಗಂಟೆ, ರಾತ್ರಿ ಪಾಳಿಗೆ ಮೊದಲು ಹನ್ನೆರಡು ಗಂಟೆ ಬಿಡುವು ಕೊಡಬೇಕೆಂದು 2024ರಲ್ಲಿ ಘೋಷಿಸಿತು. 2011ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದ ಟವರ್‌ನಲ್ಲಿ ಒಂಟಿಯಾಗಿದ್ದ ಕಂಟ್ರೋಲರ್ ಸತತ ನಾಲ್ಕನೇ ರಾತ್ರಿ ಪಾಳಿಯಲ್ಲಿ ನಿದ್ದೆಹೋಗಿ, ಎರಡು ಪ್ರಯಾಣಿಕ ವಿಮಾನಗಳು ಟವರ್‌ನ ಉತ್ತರವಿಲ್ಲದೆ ಇಳಿದಿದ್ದವು. ಜನ ನಕ್ಕರು, ಬೈದರು. ನನಗೆ ಆ ಮನುಷ್ಯನ ಮೇಲೆ ಮರುಕವೇ ಹುಟ್ಟಿತು. ಬೆಳಗಿನ ಜಾವ ಮೂರರಿಂದ ಐದರವರೆಗೆ ಕಣ್ಣು ತೆರೆದೇ ಇದ್ದರೂ ನೋಡುವುದು ನಿಲ್ಲುವ ಗಳಿಗೆಗಳಿವೆ. ಪಕ್ಕದಲ್ಲಿ ಇನ್ನೊಂದು ಜೀವ ಇದ್ದರೆ ಮಾತು ಇರುತ್ತದೆ, ಮಾತಿದ್ದರೆ ಎಚ್ಚರ ಇರುತ್ತದೆ. ಅದೇ ನಿಲ್ದಾಣದ ಬಳಿ 2025ರ ಜನವರಿ 29ರಂದು ಸೇನಾ ಹೆಲಿಕಾಪ್ಟರ್ ಮತ್ತು ಪ್ರಯಾಣಿಕ ವಿಮಾನ ಡಿಕ್ಕಿಯಾಗಿ 67 ಜನ ಸತ್ತ ರಾತ್ರಿಯೂ ಹೆಲಿಕಾಪ್ಟರ್‌ಗಳ ಮೇಜನ್ನು ವಿಮಾನಗಳ ಮೇಜಿನ ಜೊತೆ ಸೇರಿಸಿ ಒಬ್ಬರ ಕೈಗೆ ಕೊಡಲಾಗಿತ್ತು. ಆ ದುರಂತಕ್ಕೆ ಹಲವು ಕಾರಣ, ಹೆಲಿಕಾಪ್ಟರ್ ಮಾರ್ಗವೇ ದೊಡ್ಡ ಪ್ರಶ್ನೆ. ಆದರೂ ‘ಸೇರಿಸಲಾಗಿತ್ತು’ ಎಂಬ ಪದ ಇಂಥ ಕಥೆಗಳಲ್ಲಿ ಮತ್ತೆ ಮತ್ತೆ ಬರುವಾಗ ನನಗೆ ಸುಮ್ಮನಿರಲಾಗುವುದಿಲ್ಲ.

ಪ್ರಯಾಣಿಕರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ‘ವಾಯು ಸಂಚಾರ ದಟ್ಟಣೆಯಿಂದ ವಿಳಂಬ’ ಎಂಬ ಪ್ರಕಟಣೆ ಕೇಳಿ ಸಿಟ್ಟು ಬರುವುದು ಸಹಜ. ಆದರೆ ಯಾವುದೋ ಸೆಕ್ಟರ್‌ನಲ್ಲಿ ಯಾರೋ ಒಬ್ಬರು ‘ಇಷ್ಟೇ, ಇನ್ನು ತೆಗೆದುಕೊಳ್ಳಲಾರೆ’ ಎಂದದ್ದಕ್ಕೆ ನಿಮ್ಮ ವಿಮಾನ ನೆಲದ ಮೇಲೆ ನಿಂತಿದೆ. ಹಾಗೆ ಹೇಳುವ ಧೈರ್ಯ ಅವರಿಗೆ ಇರಲಿ ಎಂದೇ ನೀವು ಬಯಸಬೇಕು. 2025ರ ನವೆಂಬರ್‌ನಲ್ಲಿ ಅಮೆರಿಕದ ಸರ್ಕಾರದ ಕೆಲಸ ಸ್ಥಗಿತವಾಗಿ ಕಂಟ್ರೋಲರ್‌ಗಳು ಸಂಬಳವಿಲ್ಲದೆ ದುಡಿಯುತ್ತಿದ್ದಾಗ 40 ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತಗೊಳಿಸಿದರು. ಜನಕ್ಕೆ ತೊಂದರೆಯಾಯಿತು ನಿಜ. ಜನ ಸಾಲದಿದ್ದಾಗ ವಿಮಾನ ಕಡಿಮೆ ಮಾಡಿದ್ದು ಮಾತ್ರ ಸರಿ. ಉಳಿದವರ ಮೇಲೆ ಅಷ್ಟನ್ನೂ ಹೇರುವುದು ತಪ್ಪಾಗುತ್ತಿತ್ತು.

ನಿಮ್ಮನ್ನು ಕೇಳಿಕೊಳ್ಳುವುದಿಷ್ಟು. ದಟ್ಟಣೆ ಬಿದ್ದ ವರ್ಷಗಳಲ್ಲಿ ತರಬೇತಿ ನಿಲ್ಲಿಸಬೇಡಿ. ಹೊಸಬರು ನಿಧಾನವಾಗಿ ಕಲಿಯಲು, ಹಳಬರು ಬಾಕಿ ರಜೆ ತೆಗೆದುಕೊಳ್ಳಲು ಸಿಗುವುದೇ ಆ ವರ್ಷಗಳು. ಬಿಡುವಿನ ಕಾಲದಲ್ಲಿ ಕಲಿತವರು ದಟ್ಟಣೆಯಲ್ಲೂ ಪಳಗಲಿ, ಅದಕ್ಕೆ ಸಿಮ್ಯುಲೇಟರ್ ಇದೆ. ಸೆಕ್ಟರ್‌ಗಳನ್ನು ಸೇರಿಸುವ, ಒಡೆಯುವ ತೀರ್ಮಾನ ಕೊಠಡಿಯಲ್ಲಿರುವ ಮೇಲ್ವಿಚಾರಕರ ಕೈಯಲ್ಲಿರಲಿ. ಒಡೆಯಬೇಕೆಂದಾಗ ಕೂರಲು ನಿಜವಾಗಿಯೂ ಒಬ್ಬರು ಕಟ್ಟಡದೊಳಗೆ ಇರಲಿ. ತಪ್ಪನ್ನು ತಾವೇ ಬಂದು ಹೇಳಿಕೊಂಡವರಿಗೆ ಶಿಕ್ಷೆ ಬೇಡ. ನನ್ನ ಏಳು-ಐದು-ಎರಡನ್ನು ನಾನು ಅದೇ ರಾತ್ರಿ ಬರೆದು ಕೊಟ್ಟೆ, ಯಾರೂ ಬೈಯಲಿಲ್ಲ. ಹೋಲುವ ಕಾಲ್‌ಸೈನ್‌ಗಳಲ್ಲಿ ಒಂದನ್ನು ಕೆಲವೇ ವಾರಗಳಲ್ಲಿ ಬದಲಿಸಿದರು. ಬೈದಿದ್ದರೆ ಮುಂದಿನ ಸಲ ನಾನು ಬರೆಯುತ್ತಿರಲಿಲ್ಲ, ಆ ಎರಡು ಕಾಲ್‌ಸೈನ್‌ಗಳು ಹಾಗೇ ಜೊತೆಯಲ್ಲಿ ಹಾರುತ್ತಿದ್ದವು.

ಇನ್ನೊಂದು ಕೋರಿಕೆ. ಪ್ರತಿ ರೇಡಾರ್ ಮೇಜಿನಲ್ಲೂ ಹೆಡ್‌ಸೆಟ್ ಚುಚ್ಚಲು ಎರಡನೇ ಜಾಗ ಇರುತ್ತದೆ. ಕಲಿಸುವವರು ಅಲ್ಲಿ ತಮ್ಮದನ್ನು ಚುಚ್ಚಿಕೊಂಡು ಕಲಿಯುವವರ ಹಿಂದೆ ಕೂರುತ್ತಾರೆ. ಸಿಬ್ಬಂದಿ ಕಡಿತದ ಕಡತ ಮುಂದೆ ನಿಮ್ಮ ಮೇಜಿಗೆ ಬಂದಾಗ ಸಹಿ ಮಾಡುವುದಕ್ಕೆ ಮುಂಚೆ ಒಂದು ರಾತ್ರಿ ಬನ್ನಿ. ಎರಡು ಗಂಟೆಗೆ ಬಂದು ಆ ಜಾಗದಲ್ಲಿ ಹೆಡ್‌ಸೆಟ್ ಚುಚ್ಚಿಕೊಳ್ಳಿ. ಬೆಳಗಿನ ಮೊದಲ ದಟ್ಟಣೆ ಮುಗಿಯುವ ತನಕ ಕೂತಿರಿ, ಏನೂ ಮಾತಾಡಬೇಡಿ. ಕಡತವನ್ನೂ ಜೊತೆಗೇ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಾಯು ಸಂಚಾರ ನಿಯಂತ್ರಕ